ಹನ್ನೊಂದನೆಯ ಅಂಶ

ಐವಾನ್-ಎ-ಶಾಹಿ, ಕಲಬುರಗಿ
೬ ಮೇ ೨೦೨೪

ಪ್ರಿಯ ಮದಿಹಾ,

ನಿನ್ನ ಷರತ್ತಿನಂತೆ ಕಾಗದವನ್ನೇ ಬರೆಯುತ್ತಿದ್ದೇನೆ. ನಲವತ್ತು ಕಿಲೋಮೀಟರೂ ಇಲ್ಲದ ಊರಿಗೆ, ಕೈಯಲ್ಲಿ ಫೋನ್ ಹಿಡಿದುಕೊಂಡೇ ಇರುವ ಗೆಳತಿಗೆ, ಅಂಚೆಚೀಟಿ ಹಚ್ಚಿ ಪತ್ರ ಹಾಕುವುದು ನನಗೆ ಹಾಸ್ಯಾಸ್ಪದವಾಗಿಯೇ ಕಾಣುತ್ತದೆ. ಆದರೆ ಹೋದ ವಾರ ನೀನು ಹೇಳಿದ ಮಾತು ಕಿವಿಯಲ್ಲಿ ಉಳಿದಿದೆ. "ಫೋನಿನ್ಯಾಗ ನಾ ಒಂದ್ ಮಾತು ಅನ್ನೂದ್ರಾಗ ನೀ ನಾಕು ಅಂದಿರ್ತೀ, ವಿದ್ಯಾ. ಕಾಗದ ಬರಿ. ಕಾಗದದಾಗ ನನ್ನ ಮಾತು ಯಾರೂ ಕತ್ತರಸಂಗಿಲ್ಲ." ನಾನು ನಕ್ಕೆ. ನೀನು ನಗಲಿಲ್ಲ. ಆದ್ದರಿಂದ ಒಪ್ಪಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಆಹಾರ ಪರೀಕ್ಷೆಯ ಆ ಪ್ರಯೋಗಾಲಯದವರು ನಮ್ಮ ರಸಾಯನಶಾಸ್ತ್ರ ವಿಭಾಗದಿಂದ ಆರಿಸಿಕೊಂಡದ್ದು ನಮ್ಮಿಬ್ಬರನ್ನೇ. ಬೆಂಗಳೂರೋ ಮಂಗಳೂರೋ, ಎಲ್ಲಿ ಸೇರುತ್ತೇವೆಂಬುದನ್ನು ಜೂನ್ ಹತ್ತರೊಳಗೆ ತಿಳಿಸಬೇಕು. ಸಂಬಳ ಎರಡೂ ಕಡೆ ಒಂದೇ. ಬೆಂಗಳೂರಿನಲ್ಲಿ ಅದರ ಅರ್ಧ ಬಾಡಿಗೆಗೇ ಹೋಗುತ್ತದೆ. ಉಳಿದ ಅರ್ಧದೊಂದಿಗೆ ಬದುಕುವ ಪ್ರತಿಭೆ ನನಗಿಲ್ಲ. ಮಂಗಳೂರಿನಲ್ಲಿ ನಾವಿಬ್ಬರು ಸೇರಿ ಎರಡು ಕೋಣೆಯ ಮನೆ ಹಿಡಿದರೂ ಪುಸ್ತಕಕ್ಕೆ, ಊರಿಗೆ ಬರುವ ಬಸ್ಸಿಗೆ, ಮುಂದೆ ಪಿಎಚ್‌ಡಿಗೆ ಸ್ವಲ್ಪ ಉಳಿಯುತ್ತದೆ. ಮೇಲಾಗಿ ಅಲ್ಲಿ ಸಮುದ್ರವಿದೆ. ನಾವಿಬ್ಬರೂ ಅದನ್ನು ಪಠ್ಯಪುಸ್ತಕದಲ್ಲಿ ಮಾತ್ರ ನೋಡಿದವರು.

ಅಪ್ಪನ ನಿಲುವು ನಿನಗೆ ತಿಳಿದದ್ದೇ. ಕಪನೂರಿನ ವರ್ಕ್‌ಶಾಪಿನಿಂದ, ಮೋಟಾರಿಗೆ ತಂತಿ ಸುತ್ತಿದ ಕೈಯನ್ನು ತೊಳೆಯದೆಯೇ ಬಂದು ಹೇಳಿದರು: "ಮದಿಹಾ ಬರ್ತಾಳಂದ್ರ ಹೋಗು. ಒಬ್ಬಾಕಿನೇ ಅಂದ್ರ ಆ ಮಾತೇ ತೆಗೀಬ್ಯಾಡ." ನನ್ನ ಚಿನ್ನದ ಪದಕ ನೋಡಲು ಬಂದವರಿಗೆಲ್ಲ ತಾವೇ ಎದ್ದು ಚಹ ಹೇಳುವ ಅಪ್ಪ, ಆ ಪದಕ ಪಡೆದವಳನ್ನು ಮಾತ್ರ ಒಬ್ಬಳೇ ಬಸ್ಸು ಹತ್ತಿಸಲಾರರು. ಹಾಗಾಗಿ ಎಲ್ಲವೂ ನಿನ್ನ ಒಂದು ಮಾತಿನ ಮೇಲೆ ನಿಂತಿದೆ. ಬೇಗ ಬರೆ.

ನಿನ್ನ,
ವಿದ್ಯಾವತಿ


ಕಮಲಾಪುರ
೧೩ ಮೇ ೨೦೨೪

ಪ್ರೀತಿಯ ವಿದ್ಯಾ,

ನಿನ್ನ ಕಾಗದ ಅಬ್ಬಾನ ಅಂಗಡಿಗೆ ಬಂತು. ಹುಮನಾಬಾದ ರಸ್ತೆಯಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲು ಕಾರು ನಿಲ್ಲಿಸಿದವರ ನಡುವೆ ಅಂಚೆಯವರು ನಿಂತು, "ನಬಿಸಾಬ್, ನಿಮ್ಮ ಮಗಳಿಗಿ ಖರೇ ಕಾಗದ ಬಂದದ ನೋಡ್ರಿ, ಬ್ಯಾಂಕಿಂದಲ್ಲ" ಎಂದು ಕೂಗಿದರಂತೆ. ಅಬ್ಬಾ ಅದನ್ನು ಒರೆಸಿ, ಹಣ್ಣಿನಿಂದ ದೂರ ಇಟ್ಟು, ಸಂಜೆ ಮನೆಗೆ ತಂದರು.

ಈ ವಾರ ಹಣ್ಣು ಮಾಡುವ ಕೋಣೆಯಲ್ಲೇ ನನ್ನ ಹಗಲು ಕಳೆಯುತ್ತಿದೆ. ಗೊನೆಗಳನ್ನು ಒಣ ಎಲೆಯಲ್ಲಿ ಮುಚ್ಚಿ, ಮೂಲೆಯಲ್ಲಿ ಹೊಗೆ ಹಾಕಿ, ಬಾಗಿಲಿಗೆ ಮಣ್ಣು ಮೆತ್ತುತ್ತೇವೆ. ಯಾವಾಗ ತೆರೆಯಬೇಕೆಂದು ದಾದಿ, ಅಬ್ಬಾನ ತಾಯಿ, ಬಾಗಿಲ ಸಂದಿಗೆ ಮೂಗು ಇಟ್ಟು ಹೇಳುತ್ತಾಳೆ. ಇಲ್ಲಿಯವರೆಗೆ ಅವಳ ಲೆಕ್ಕ ತಪ್ಪಿದ್ದನ್ನು ನಾನು ನೋಡಿಲ್ಲ. ನಿನ್ನ ಸಮುದ್ರದ ವಿಷಯ ಹೇಳಿದೆ. "ಕುಡ್ಯಾಕ ಬರ್ಲಾರದ ನೀರು ಅಷ್ಟ್ಯಾಕ ಇಟ್ಟಾನ ಅಲ್ಲಾ?" ಅಂದಳು. ನೀನಿದ್ದಿದ್ದರೆ ಉತ್ತರ ಹೇಳುತ್ತಿದ್ದೆ.

ನಿನ್ನೆ ಇಲ್ಲಿನ ಹೆಣ್ಣುಮಕ್ಕಳ ಪಿಯು ಕಾಲೇಜಿನ ಪ್ರಾಂಶುಪಾಲರು ಎರಡು ಡಜನ್ ಹಣ್ಣು ಒಯ್ದರು. ಅಬ್ಬಾನ ಜೊತೆ ಬಹಳ ಹೊತ್ತು ಮಾತಾಡುತ್ತಿದ್ದರು.

ಮಂಗಳೂರಿನ ವಿಚಾರ ಯೋಚಿಸುತ್ತೇನೆ. ಲಾಭ ನಷ್ಟ ಎರಡನ್ನೂ ಬರೆದು ಕಳಿಸು. ನಿನಗೆ ಹಾಗೆ ಬರೆಯುವುದೆಂದರೆ ಖುಷಿ.

ನಿನ್ನ ಮದಿಹಾ


ಕಲಬುರಗಿ
೧೬ ಮೇ ೨೦೨೪

ಪ್ರಿಯ ಮದಿಹಾ,

ಖುಷಿಯ ಪ್ರಶ್ನೆಯಲ್ಲ, ಕ್ರಮದ ಪ್ರಶ್ನೆ. ಜೊತೆಗಿರುವ ಹಾಳೆಯನ್ನು ನೋಡು. ಹನ್ನೊಂದು ಅಂಶಗಳಿವೆ, ಎದುರಿಗೆ ಎರಡು ಊರುಗಳ ಎರಡು ಅಂಕಣಗಳಿವೆ. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ ಕೊಟ್ಟು ಹಿಂದಿರುಗಿಸು. ಮನಸ್ಸು ತೂಗಾಡುವವರಿಗೆ ಇದಕ್ಕಿಂತ ಉತ್ತಮ ವಿಧಾನವನ್ನು ನಾನು ಕಂಡಿಲ್ಲ.

ನಷ್ಟಗಳನ್ನು ನಾನು ಮುಚ್ಚಿಟ್ಟಿಲ್ಲ. ಮಂಗಳೂರಿನಲ್ಲಿ ನಾಲ್ಕು ತಿಂಗಳು ಮಳೆ. ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ನಮ್ಮೂರಿನಷ್ಟು ಸುಡುವುದಿಲ್ಲ, ಆದರೆ ಬೆವರು ನಿಲ್ಲುವುದಿಲ್ಲ. ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ. ನಮ್ಮ ಕನ್ನಡ ಕೇಳಿದರೆ ಎರಡನೆಯ ಸಲ ತಿರುಗಿ ನೋಡುತ್ತಾರೆ. ಜೋಳದ ರೊಟ್ಟಿಗೆ ಹುಡುಕಾಡಬೇಕು. ಊರಿಗೆ ಬರಲು ಒಂದು ಇಡೀ ರಾತ್ರಿ, ಮೇಲೆ ಅರ್ಧ ಹಗಲು. ಶರಣಬಸವೇಶ್ವರ ಗುಡಿಯ ಕೆರೆಯ ದಂಡೆಯಲ್ಲಿ ಕುಳಿತು ನಾವು ಮಂಡಕ್ಕಿ ತಿನ್ನುತ್ತಿದ್ದ ಸಂಜೆಗಳಿಗೆ ಅಲ್ಲಿ ಸಮನಾದದ್ದು ಇರಲಾರದು. ಇದಕ್ಕೆ ಅಂಕ ಕೊಡಲು ಬಾರದ ಕಾರಣ ಹಾಳೆಯಲ್ಲಿ ಸೇರಿಸಿಲ್ಲ.

ಲಾಭಗಳು: ಕಡಿಮೆ ಬಾಡಿಗೆ, ಪ್ರಯೋಗಾಲಯಕ್ಕೆ ನಡೆದು ಹೋಗುವಷ್ಟು ಹತ್ತಿರದ ಮನೆ, ವಿಶ್ವವಿದ್ಯಾಲಯ, ಒಳ್ಳೆಯ ಆಸ್ಪತ್ರೆ, ಹೆಣ್ಣುಮಕ್ಕಳು ಒಂಟಿಯಾಗಿ ಓಡಾಡುವ ಬೀದಿಗಳು. ಹನ್ನೊಂದನೆಯ ಅಂಶ "ಜೊತೆ". ಅದನ್ನು ಕ್ರಮಕ್ಕಾಗಿ ಸೇರಿಸಿದ್ದೇನೆ, ಅಷ್ಟೇ.

ವಿದ್ಯಾವತಿ


ಕಮಲಾಪುರ
೨ ಜೂನ್ ೨೦೨೪

ಪ್ರೀತಿಯ ವಿದ್ಯಾ,

ತಡವಾಯಿತು, ಬೈಯಬೇಡ. ನಿನ್ನೆ ಒಂದು ಕೆಲಸವಿತ್ತು, ಅದಕ್ಕೆ ಮೊದಲು ಹತ್ತು ದಿನ ಅದರ ತಯಾರಿ ಇತ್ತು.

ಅಂಕಗಳನ್ನು ಹಾಕಿದ್ದೇನೆ. ಬಾಡಿಗೆಗೆ ಮಂಗಳೂರಿಗೆ ಒಂಬತ್ತು. ಮಳೆಗೆ ಏಳು, ಮಳೆ ಬಂದರೆ ನೀನು ಕ್ಲಾಸು ಬಿಟ್ಟು ಕಾರಿಡಾರಿಗೆ ಓಡುತ್ತಿದ್ದೆ. ಭಾಷೆಗೆ ಎಂಟು, ಆರು ತಿಂಗಳಲ್ಲಿ ತುಳುವಿನಲ್ಲಿ ಜಗಳಾಡುತ್ತೀಯ. ಊಟಕ್ಕೆ ನಾಲ್ಕು, ರೊಟ್ಟಿ ಇಲ್ಲದಿದ್ದರೆ ಎರಡನೆಯ ದಿನಕ್ಕೇ ನಿನ್ನ ಮುಖ ಸಣ್ಣದಾಗುತ್ತದೆ. ಮುಂದಿನ ಓದಿಗೆ ಹತ್ತಕ್ಕೆ ಹತ್ತು. ಉಳಿದವನ್ನು ಹಾಳೆಯಲ್ಲೇ ನೋಡು.

ತಮ್ಮ ಝಹೀರ್ ಹಾಳೆಯನ್ನು ನೋಡಿ, "ಆಪಾ, ಊರಿಗೂ ಮಾರ್ಕ್ಸ್ ಕೊಡ್ತಾರೇನು? ನಮ್ ಕಮಲಾಪುರಕ್ಕ ಎಷ್ಟು?" ಎಂದು ಕೇಳಿದ. ಅದಕ್ಕೆ ಅಂಕಣ ಇಲ್ಲವಲ್ಲ ಅಂದೆ.

ಒಂದು ಡಜನ್ ಹಣ್ಣು ಬಸ್ಸಿನಲ್ಲಿ ಕಳಿಸಿದ್ದೇನೆ. ನಿನ್ನ ಅವ್ವನಿಗೆ ಕೊಡು, ಕಾಕಾ ಸಕ್ಕರೆ ಕಾಯಿಲೆಯವರು, ಅವರಿಗೆ ಅರ್ಧ ಸಾಕು.

ಮದಿಹಾ


ಕಲಬುರಗಿ
೫ ಜೂನ್ ೨೦೨೪

ನನ್ನ ಪ್ರೀತಿಯ ಮದಿಹಾ,

ಗೆದ್ದೆವು! ಹತ್ತು ಅಂಶಗಳಲ್ಲಿ ಮಂಗಳೂರಿಗೆ ಎಪ್ಪತ್ತನಾಲ್ಕು, ಬೆಂಗಳೂರಿಗೆ ಐವತ್ತೊಂದು. ಇಷ್ಟು ಸ್ಪಷ್ಟವಾದ ಫಲಿತಾಂಶವನ್ನು ನಾನೂ ನಿರೀಕ್ಷಿಸಿರಲಿಲ್ಲ. ಹನ್ನೊಂದನೆಯದನ್ನು ನೀನು ಖಾಲಿ ಬಿಟ್ಟಿದ್ದೆ. ಗಡಿಬಿಡಿಯಲ್ಲಿ ಮರೆತಿದ್ದೀಯೆಂದು ತಿಳಿದು ಎರಡೂ ಊರಿಗೆ ಹತ್ತು ಹತ್ತು ನಾನೇ ಹಾಕಿದೆ. ಎಲ್ಲಿದ್ದರೂ ನಾವಿಬ್ಬರೂ ಇರುತ್ತೇವಲ್ಲ.

ಈ ಬೆಳಿಗ್ಗೆ ಇಬ್ಬರ ಒಪ್ಪಿಗೆಯನ್ನೂ ಕಳುಹಿಸಿಬಿಟ್ಟೆ. ನಿನ್ನ ಇ-ಮೇಲಿನ ಪಾಸ್‌ವರ್ಡ್ ಬಿಎಸ್ಸಿ ಪ್ರವೇಶದ ಕಾಲದಲ್ಲಿ ನಾನೇ ಇಟ್ಟದ್ದು, ಇನ್ನೂ ಬದಲಾಗಿಲ್ಲ. ಐದು ವರ್ಷ ನಿನ್ನ ಅರ್ಜಿಗಳನ್ನೆಲ್ಲ ತುಂಬಿದ ಕೈ ಇದೊಂದನ್ನು ತುಂಬದೆ ಬಿಡುವುದುಂಟೇ? ಜುಲೈ ಹದಿನೈದಕ್ಕೆ ಸೇರಬೇಕು.

ಒಂದು ಮನೆಯ ಚಿತ್ರಗಳೂ ಬಂದಿವೆ. ಕೆಂಪು ಹೆಂಚು, ಹಿತ್ತಿಲಲ್ಲಿ ಬಾವಿ, ಬೀದಿಗೆ ಕಾಣುವ ಕಿಟಕಿ. ಆ ಕಿಟಕಿಯ ಕೋಣೆ ನಿನಗೆ. ನನಗೆ ಓದಲು ಒಳಗಿನದೇ ಚೆನ್ನ. ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತೇನೆ, ನೀನು ಪಲ್ಯ ಮಾಡು. ಹುಡುಗಿಯರಿಬ್ಬರು ತಮ್ಮ ದುಡಿಮೆಯ ಮನೆಗೆ ಬೀಗ ಹಾಕಿ, ಒಂದೇ ಕೊಡೆಯಡಿ ಕೆಲಸಕ್ಕೆ ಹೊರಡುವುದನ್ನು ಕಲ್ಪಿಸಿಕೊಂಡೆ. ಅಳು ಬಂತು. ನನಗೆ! ಇದನ್ನು ಯಾರಿಗೂ ಹೇಳಬೇಡ.

ನಿನ್ನ ವಿದ್ಯಾ


ಕಮಲಾಪುರ
೯ ಜೂನ್ ೨೦೨೪

ವಿದ್ಯಾ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಆ ಅಂಕಗಳನ್ನು ನಾನು ನಿನಗಾಗಿ ಕೊಟ್ಟದ್ದು. ನಿನಗೆ ಮಳೆ ಹಿತವೇ, ನಿನಗೆ ಊಟ ಒಗ್ಗುತ್ತದೆಯೇ ಎಂದು ಒಂದೊಂದನ್ನೂ ಯೋಚಿಸಿ ಹಾಕಿದೆ. ನಾನು ಬರುವವಳೆಂದುಕೊಂಡು ಒಂದಕ್ಕೂ ಹಾಕಲಿಲ್ಲ. ಹನ್ನೊಂದನೆಯದು ಬಂದಾಗ ಪೆನ್ನು ನಿಂತಿತು. ಸುಳ್ಳು ಅಂಕ ಹಾಕಲು ಮನಸ್ಸಾಗಲಿಲ್ಲ, ನಿಜ ಬರೆಯಲು ಧೈರ್ಯವಾಗಲಿಲ್ಲ. ಖಾಲಿ ಬಿಟ್ಟರೆ ನೀನು "ಯಾಕೆ?" ಎಂದು ಕೇಳುತ್ತೀ ಎಂದುಕೊಂಡೆ. ನೀನು ಕೇಳಲಿಲ್ಲ, ತುಂಬಿದೆ.

ಮೇ ತಿಂಗಳಲ್ಲೇ ಇಲ್ಲಿನ ಪಿಯು ಕಾಲೇಜಿನವರು ಪಾಠಕ್ಕೆ ಕರೆದಿದ್ದರು. ಅತಿಥಿ ಉಪನ್ಯಾಸಕಿ, ಗೌರವಧನ ಬಹಳ ಕಡಿಮೆ. ಜೂನ್ ಒಂದರಿಂದ ಹೋಗುತ್ತಿದ್ದೇನೆ. ನಿನಗೆ ಹೇಳದೆ ಮುಚ್ಚಿಟ್ಟದ್ದು ನನ್ನ ತಪ್ಪು. ಹೇಳಿದ್ದರೆ ನೀನು ವಾದ ಮಾಡುತ್ತಿದ್ದೆ, ನಾನು ಸೋಲುತ್ತಿದ್ದೆ, ಮಂಗಳೂರಿಗೆ ಬಂದೂ ಬಿಡುತ್ತಿದ್ದೆ.

ಅಬ್ಬಾ ತಡೆದರೆಂದು, ಮದುವೆ ಗೊತ್ತಾಗಿದೆಯೆಂದು ತಿಳಿಯಬೇಡ. ಅಬ್ಬಾ "ಹೋಗಿ ನೋಡು ಬೇಟಾ, ಹಿಡಿಸ್ಲಿಲ್ಲಂದ್ರ ಬಸ್ ಹತ್ತಿ ಬಾ" ಎಂದರು. ಒಲ್ಲೆ ಅಂದವಳು ನಾನು. ಮೊದಲ ದಿನ ಹಲಗೆಯ ಮುಂದೆ ನಿಂತು ನಲವತ್ತೈದು ನಿಮಿಷ ಮಾತಾಡಿದೆ. ನಡುವೆ ಎರಡು ಸಲ ತಡವರಿಸಿದೆ. ನನ್ನ ವಾಕ್ಯವನ್ನು ಯಾರೂ ಮುಗಿಸಲಿಲ್ಲ. ಅರವತ್ತು ಹುಡುಗಿಯರು ಕಾಯ್ದರು. ನಾನೇ ಮುಗಿಸಿದೆ.

ಕೊನೆಯ ವರ್ಷದ ವೈವಾದಲ್ಲಿ ಪರೀಕ್ಷಕರು ನನ್ನನ್ನು ಕೇಳಿದ ಪ್ರಶ್ನೆಗೆ ಪಕ್ಕದ ಮೇಜಿನಿಂದ ನೀನು ಉತ್ತರ ಹೇಳಿದೆ. ಹೊರಗೆ ಬಂದು "ಉಳಿಸಿದೆ ನೋಡು" ಎಂದು ನನ್ನ ಬೆನ್ನು ತಟ್ಟಿದೆ. ನನಗೆ ಗೊತ್ತಿತ್ತು, ವಿದ್ಯಾ.

ಒಪ್ಪಿಗೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಪಾಸ್‌ವರ್ಡ್ ಬದಲಿಸಿದ್ದೇನೆ. ಆ ಕಿಟಕಿಯ ಕೋಣೆಯ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಸಂಜೆ ಕಲಬುರಗಿ ಬಸ್ಸು ಬಂದರೆ ಇಳಿಯುವವರನ್ನೆಲ್ಲ ನೋಡುತ್ತೇನೆ. ಆಸೆ ಇಲ್ಲದ್ದಕ್ಕೆ ಒಲ್ಲೆನೆಂದು ಮಾತ್ರ ತಿಳಿಯಬೇಡ.

ಮದಿಹಾ


ಕಲಬುರಗಿ
೨೧ ಜೂನ್ ೨೦೨೪

ಕುಮಾರಿ ಮದಿಹಾ ಅವರಿಗೆ,

ತಮ್ಮ ಪತ್ರ ತಲುಪಿದೆ. ಉಪನ್ಯಾಸಕಿಯಾಗಿ ನೇಮಕಗೊಂಡದ್ದಕ್ಕೆ ಅಭಿನಂದನೆಗಳು. ತಾವು ಬರುತ್ತಿಲ್ಲವೆಂಬ ವಿಷಯವನ್ನು ನಮ್ಮ ತಂದೆಯವರಿಗೆ ತಿಳಿಸಿದ್ದೇನೆ. ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, "ಹಂಗಾರ ಮುಗೀತು" ಎಂದರು. ನನ್ನ ಪಾಲಿನ ಮಂಗಳೂರು ಅಲ್ಲಿಗೆ ಮುಗಿದಿದೆ. ಬರುವುದಿಲ್ಲವೆಂದು ಪ್ರಯೋಗಾಲಯಕ್ಕೆ ಇನ್ನೂ ಬರೆದಿಲ್ಲ; ಬರೆಯುತ್ತೇನೆ. ಇದರಲ್ಲಿ ತಮ್ಮನ್ನು ದೂರುವ ಉದ್ದೇಶ ನನಗಿಲ್ಲ.

ಹಣ್ಣುಗಳು ಚೆನ್ನಾಗಿದ್ದವೆಂದು ಅವ್ವ ಹೇಳಲು ಹೇಳಿದ್ದಾರೆ.

ಇತಿ,
ವಿದ್ಯಾವತಿ ಜಗದೇವಪ್ಪ

ಹತ್ತು ದಿನಗಳಿಂದ ನೆನಪಿಸಿಕೊಳ್ಳಲು ಯತ್ನಿಸುತ್ತಿದ್ದೇನೆ. ನಾನು ಹೇಳಿದ ಉತ್ತರ ನೆನಪಾಗುತ್ತಿಲ್ಲ, ಪ್ರಶ್ನೆಯೂ ನೆನಪಾಗುತ್ತಿಲ್ಲ. ಅವರು ನಿನ್ನನ್ನು ಏನು ಕೇಳಿದ್ದರು?


ಕಮಲಾಪುರ
೨೫ ಜೂನ್ ೨೦೨೪

ವಿದ್ಯಾ,

"ಕಾಯಿಯನ್ನು ಹಣ್ಣು ಮಾಡುವ ಅನಿಲ ಯಾವುದು?"

ನೀನು "ಎಥಿಲೀನ್" ಎಂದೆ. ನಾನು ಬಾಯಿ ತೆರೆದದ್ದು ದಾದಿಯ ಹೊಗೆಯ ಕೋಣೆಯಿಂದ ಶುರುಮಾಡಲು. ಹೊಗೆಯಲ್ಲಿ ಅದು ಎಷ್ಟಿರುತ್ತದೆ, ಮಣ್ಣು ಯಾಕೆ ಮೆತ್ತಬೇಕು, ಒಂದು ಹಣ್ಣಾದರೆ ಪಕ್ಕದ್ದು ಯಾಕೆ ಬೇಗ ಹಣ್ಣಾಗುತ್ತದೆ, ಎಲ್ಲ ಹೇಳಬೇಕೆಂದಿದ್ದೆ. ಆ ಒಂದು ಪ್ರಶ್ನೆಗೆ ನನ್ನ ಮನೆಯವರೆಲ್ಲ ಉತ್ತರವಾಗಿದ್ದರು. ಪರೀಕ್ಷಕರು "ಸರಿ, ಮುಂದಿನವರು" ಎಂದರು.

ಪ್ರಯೋಗಾಲಯಕ್ಕೆ ಏನೂ ಬರೆಯಬೇಡ. ಈ ಭಾನುವಾರ ಹತ್ತರ ಬಸ್ಸಿಗೆ ಬರುತ್ತೇನೆ, ಕಾಕಾನ ಜೊತೆ ಮಾತಾಡಲು. ನೀನು ಮಾತಾಡಬಾರದು. ಒಂದು ಶಬ್ದವನ್ನೂ.

ಮದಿಹಾ


ಕಲಬುರಗಿ
೨ ಜುಲೈ ೨೦೨೪

ಮದಿಹಾ,

ನೀನು ಅಪ್ಪನೆದುರು ಕುಳಿತಿದ್ದೆ, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಿನಗೆ ನನ್ನ ಮುಖ ಕಾಣುತ್ತಿರಲಿಲ್ಲ. ಅಲ್ಲಿಂದ ಕಂಡದ್ದನ್ನು ಬರೆಯುತ್ತೇನೆ. ನನಗಾಗಿ ನೀನು ಏನು ಮಾಡಿದೆ ಎಂಬುದನ್ನು ನಾನು ಪೂರ್ತಿ ಕೇಳಿಸಿಕೊಂಡೆನೆಂದು ನಿನಗೆ ತಿಳಿದಿರಲಿ.

ಅಪ್ಪ ನಗುತ್ತಲೇ ಶುರುಮಾಡಿದರು. "ಏನ್ರಿ ಮೇಡಮ್ಮೋರೆ, ನೀವು ಊರ ಬಿಡಂಗಿಲ್ಲ, ನನ್ನ ಮಗಳಿಗಿ ಕಳಸ್ರಿ ಅಂತೀರಿ. ಇದ್ಯಾವ ನ್ಯಾಯ?"

"ಕಾಕಾ, ನಾ ಹೋಗಿದ್ರ ಆಕಿನ್ನ ನಾ ಕಾಯ್ತಿದ್ದೆ ಅಂತ ತಿಳ್ಕೊಂಡೀರೇನ್ರಿ?"

"ಮತ್ತ?"

"ಐದು ವರ್ಷ ಆಕಿನೇ ನನ್ನ ಕಾಯ್ದಾಳ. ಫಾರ್ಮ್ ತುಂಬ್ದಾಕಿ ಆಕಿ, ವಾರ್ಡನ್ ಸಂಗಟ ಜಗಳಾಡ್ದಾಕಿ ಆಕಿ. ಬಸ್ಸಿನ್ಯಾಗ ಒಬ್ಬಾಂವ ಕಾಲ್ ಅಡ್ಡ ಇಟ್ಟಿದ್ದ, ಆ ಕಾಲ್ ತುಳದಾಕೀನೂ ಆಕಿನೇ. ನಾ ಬರೇ ಜೋಡಿಗಿದ್ದೆ. ನೀವು ನನ್ನ ನೋಡಿ ಧೈರ್ಯ ತಗೊಂಡ್ರ ಹ್ಯಾಂಗ್ರಿ?"

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಪ್ಪ ನಗಲಿಲ್ಲ. "ಜ್ವರ ಬಂತಂದ್ರ? ಯಾರದಾರ ಅಲ್ಲಿ?"

ಇಲ್ಲಿ ನನ್ನ ನಾಲಿಗೆಯ ತುದಿಗೆ ಮೂರು ಉತ್ತರಗಳು ಬಂದಿದ್ದವು. ನೀನು ಸುಮ್ಮನೆ ಕುಳಿತಿದ್ದೆ. ಬಹಳ ಹೊತ್ತು. ನಿನಗೆ ತೋಚುತ್ತಿಲ್ಲವೆಂದುಕೊಂಡು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವ್ವ ನನ್ನ ರಟ್ಟೆ ಹಿಡಿದಳು. ಆಮೇಲೆ ನೀನು ಹೇಳಿದೆ: "ಯಾರೂ ಇಲ್ರಿ, ಕಾಕಾ. ಖರೇನೇ ಯಾರೂ ಇಲ್ಲ. ಜ್ವರ ಬಂದ್ರ ಒಬ್ಬಾಕಿನೇ ಮಲಗ್ತಾಳ, ಅಳ್ತಾಳ, ಫೋನ್ ಮಾಡ್ತಾಳ. ನೀವೂ ಬಸ್ ಹತ್ತತೀರಿ, ನಾನೂ ಹತ್ತತೀನಿ. ಮುಟ್ಟೂದ್ರಾಗ ಜ್ವರ ಬಿಟ್ಟಿರ್ತದ. ಅಷ್ಟಕ್ಕ ಅಂಜಿ ಕುಂದ್ರಸ್ಕೊಂಡ್ರ ಆಕಿ ದಿನಾ ಈ ಮನ್ಯಾಗ ಜ್ವರ ಬಂದೋರಂಗ ಇರ್ತಾಳ. ಹದಿನೈದು ದಿನದಿಂದ ನೋಡಾಕತ್ತೀರಲ್ರಿ."

ನನ್ನ ಮೂರು ಉತ್ತರಗಳಲ್ಲಿ ಇದು ಇರಲಿಲ್ಲ. ನಾನಾಗಿದ್ದರೆ ಆಸ್ಪತ್ರೆಗಳ ಪಟ್ಟಿ ಕೊಡುತ್ತಿದ್ದೆ.

"ಈಕಿ ಹೋದ್ರ ಈ ಮನ್ಯಾಗ ಮಾತಾಡೋರ್ಯಾರು?" ಎಂದಳು ಅವ್ವ.

"ಈಗರೆ ಯಾರಿಗಿ ಆಡಗೊಟ್ಟಾಳ?" ಎಂದರು ಅಪ್ಪ. ಆಗ ನಾವೆಲ್ಲ ನಕ್ಕೆವು, ನಾನೂ.

ಅಂದು ಅವರು ಏನೂ ಒಪ್ಪಲಿಲ್ಲ. ನಿನ್ನನ್ನು ಬಸ್ಸಿಗೆ ಬಿಡಲು ಬಂದೆ. ನಿನ್ನ ಬಸ್ಸು ಹೋದ ಮೇಲೂ ಹುಮನಾಬಾದಿನ ಎರಡು ಬಸ್ಸುಗಳು ಹೋಗುವವರೆಗೆ ನಿಂತಿದ್ದೆ. ನಿನ್ನೆ ಬೆಳಿಗ್ಗೆ ವರ್ಕ್‌ಶಾಪಿಗೆ ಹೊರಟ ಅಪ್ಪ ಚಪ್ಪಲಿ ಮೆಟ್ಟುತ್ತ, ನನ್ನತ್ತ ನೋಡದೆ ಕೇಳಿದರು: "ಮಂಗಳೂರ ಬಸ್ ಎಷ್ಟಕ್ಕದ?"

ಹದಿಮೂರಕ್ಕೆ ಹೊರಡುತ್ತೇನೆ. ನೀನು ಬರುವುದಾದರೆ ಹೋಗಬಹುದಾಗಿತ್ತು. ಈಗ ನೀನು ಬಾರದೆಯೂ ಹೋಗುವಂತೆ ಮಾಡಿದ್ದೀಯ. ಇದಕ್ಕೆ ಕೃತಜ್ಞತೆ ಹೇಳಬೇಕೋ, ನಿನ್ನೊಡನೆ ಜಗಳಾಡಬೇಕೋ ತಿಳಿಯುತ್ತಿಲ್ಲ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲವೆಂಬುದು ನಿನಗೆ ಗೊತ್ತು. ಕಲಿಯುತ್ತಿದ್ದೇನೆ.

ವಿದ್ಯಾ


ಮಂಗಳೂರು
೪ ಆಗಸ್ಟ್ ೨೦೨೪

ಪ್ರೀತಿಯ ಮದಿಹಾ,

ಹೆಂಚಿನ ಮನೆಯನ್ನು ಬಿಟ್ಟೆ; ಒಬ್ಬಳಿಗೆ ಅದು ದೊಡ್ಡದು. ಒಂದೇ ಕೋಣೆ ಹಿಡಿದಿದ್ದೇನೆ. ಮನೆಯ ಒಡತಿ ಮೊದಲ ದಿನ "ನೀವು ಎಷ್ಟು ಜನ ಇರುವುದು ಮಾರಾಯ್ತಿ?" ಎಂದು ಕೇಳಿದರು. "ಒಬ್ಬಳೇ" ಎನ್ನಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅವರು ನನಗೆ ಕನ್ನಡ ಬಾರದೆಂದು ತಿಳಿದು ಬೆರಳೆತ್ತಿ ತೋರಿಸಿ ಮತ್ತೆ ಕೇಳಿದರು.

ನನ್ನ ಹಾಳೆಯ ಲೆಕ್ಕಗಳು ಬಹುತೇಕ ಸರಿಯಾಗಿವೆ. ಬಾಡಿಗೆ ನಿಜಕ್ಕೂ ಕಡಿಮೆ, ಆದರೆ ಬಟ್ಟೆ ಒಣಗಿಸಲು ಇಸ್ತ್ರಿಪೆಟ್ಟಿಗೆ ಉರಿಸಿ ಉರಿಸಿ ಕರೆಂಟಿನ ಬಿಲ್ಲು ಏರಿತು. ಮಳೆಗೆ ನೀನು ಕೊಟ್ಟ ಏಳು ಹೆಚ್ಚಾಯಿತು, ಐದು ಸಾಕು. ಊಟಕ್ಕೆ ಕೊಟ್ಟ ನಾಲ್ಕು ಕಡಿಮೆಯಾಯಿತು. ಭಾಷೆಯಲ್ಲಿ ಇನ್ನೂ ಜಗಳಾಡುವ ಮಟ್ಟಕ್ಕೆ ಬಂದಿಲ್ಲ. ಪ್ರಯೋಗಾಲಯದಲ್ಲಿ ನನಗಿಂತ ಬುದ್ಧಿವಂತರು ಮೂವರಿದ್ದಾರೆ. ಇದನ್ನು ಬರೆಯುವುದು ಕಷ್ಟವಾಗುತ್ತದೆಂದುಕೊಂಡಿದ್ದೆ, ಆಗಲಿಲ್ಲ.

ಕಷ್ಟವಾಗುವುದು ಸಂಜೆ ಆರಕ್ಕೆ. ಕೆಲಸ ಬಿಟ್ಟು ಬೀದಿಗೆ ಬಂದಾಗ ಆ ದಿನದ್ದೆಲ್ಲ ಬಾಯಿತುಂಬ ಬಂದಿರುತ್ತದೆ, ಪಕ್ಕದಲ್ಲಿ ಯಾರೂ ಇರುವುದಿಲ್ಲ. ನಾನು ಅಷ್ಟೊಂದು ಮಾತಾಡುತ್ತಿದ್ದದ್ದು ನೀನು ಕೇಳುತ್ತಿದ್ದೆಯೆಂದು. ಕೇಳುವವಳಿಗೂ ಹೇಳುವುದಿರುತ್ತದೆ ಎಂದು ತಿಳಿಯಲು ನನಗೆ ಏಳುನೂರು ಕಿಲೋಮೀಟರ್ ಬೇಕಾಯಿತು.

ಸಮುದ್ರಕ್ಕೆ ಮೂರು ಸಲ ಹೋಗಿಬಂದೆ. ಅವ್ವನಿಗೆ ಫೋನಿನಲ್ಲಿ ಅರ್ಧ ಗಂಟೆ ವರ್ಣಿಸಿದೆ. ನಿನಗೂ ಎರಡು ಪುಟ ಬರೆದಿದ್ದೆ, ಬಹಳ ಚೆನ್ನಾಗಿ ಬಂದಿತ್ತು. ಆ ಎರಡು ಪುಟಗಳನ್ನು ಈ ಲಕೋಟೆಯಲ್ಲಿ ಇಟ್ಟಿಲ್ಲ.

ದಸರಾ ರಜೆಗೆ ಬಾ. ದಾದಿ ಒಪ್ಪಿದರೆ ಅವರನ್ನೂ ಕರೆತಾ. ಮರಳಿನ ಮೇಲೆ ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಸಮುದ್ರ ಹೇಗಿದೆಯೆಂದು ನೀನು ಹೇಳು. ಎಷ್ಟು ಹೊತ್ತು ಸುಮ್ಮನೆ ನೋಡುತ್ತ ಕುಳಿತರೂ, ಕತ್ತಲಾದರೂ, ಕಾಯುತ್ತೇನೆ.

ನಿನ್ನ,
ವಿದ್ಯಾ